ಆಟೋರಿಕ್ಷಾದ ಹರಟೆಗಳು: ಒಂದು ಗುಣದೋಷ ವಿವೇಚನೆ

ಕಳೆದ ತಿಂಗಳು ನಮ್ಮ ಸಂಪಾದಕರು ಒಂದು ಕಟ್ಟು ಹಸ್ತಪ್ರತಿಗಳನ್ನು ಕುಬಿಹಾಳಕ್ಕೆ ಕಳಿಸಿ, ಇವುಗಳಲ್ಲಿ ಅಚ್ಚಿಗೆ ಯೋಗ್ಯವಾದದ್ದನ್ನು ಆರಿಸಿ, ಆರಿಸಿದ್ದಕ್ಕೆ ಕಾರಣವನ್ನೂ ಬರೆದು ತಿಳಿಸಬೇಕೆಂದು ಅಪ್ಪಣೆ ಮಾಡಿದರು. ಎಲ್ಲವೂ ಪ್ರವಾಸದ ಮೇಲಿನ ಹರಟೆಗಳು. ಓದಹತ್ತಿದಾಗ ಮೊದಲು ನಗೆ ಬಂದಿತು. ನಡುವೆ ಬೇಸರ ಬಂದಿತು. ಕಟ್ಟು ಮುಗಿಯುವ ಹೊತ್ತಿಗೆ ಲಜ್ಜೆಯಾಯಿತು. ಏಕೆಂದರೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಬೆಂಗಳೂರಿನ ಆಟೋರಿಕ್ಷಾದ ಕಷ್ಟಗಳನ್ನು ಕುರಿತು ಬರೆದವುಗಳಾಗಿದ್ದವು. ಮತ್ತು ಅವೆಲ್ಲವೂ ಮೂರು ವರ್ಷಗಳ ಹಿಂದೆ ಇದೇ ಪತ್ರಿಕೆಯಲ್ಲಿ ನಾನು ಬರೆದಿದ್ದ "ಮೂರು ಗಾಲಿಯ ಮಹಾರಾಜ" ಎಂಬ ಹರಟೆಯ ಮಕ್ಕಳಂತೆ ಕಾಣುತ್ತಿದ್ದವು. ತಂದೆಯ ಮೂಗು ಎಲ್ಲ ಮುಖಗಳ ಮೇಲೂ ಇದ್ದಿತು. ಆದುದರಿಂದ ಮಕ್ಕಳ ಗುಣದೋಷಗಳನ್ನು ಎಣಿಸುವ ಮೊದಲು ತಂದೆಯನ್ನೇ ವಿಚಾರಣೆಗೆ ನಿಲ್ಲಿಸುವದು ನ್ಯಾಯವೆಂದು ತೋರಿತು. ವಾಚಕರು ಇದನ್ನು ವಿಮರ್ಶೆಯೆಂದಾದರೂ ತಿಳಿಯಲಿ, ಪ್ರಾಯಶ್ಚಿತ್ತವೆಂದಾದರೂ ತಿಳಿಯಲಿ.

ಈ ಜಾತಿಯ ಹರಟೆಯ ಕಥಾವಸ್ತುವನ್ನು ಒಮ್ಮೆ ಹೇಳಿದರೆ ಎಲ್ಲವನ್ನೂ ಹೇಳಿದಂತೆಯೇ. ಹುಬ್ಬಳ್ಳಿಯಿಂದ ರಾತ್ರಿಯ ಗಾಡಿಗೆ ಹೊರಟ ಗೃಹಸ್ಥನೊಬ್ಬನು ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುತ್ತಾನೆ. ಚೀಲದಲ್ಲಿ ಮಗಳ ಮನೆಗೆಂದು ಕಟ್ಟಿಸಿದ ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿ. ಮೊದಲನೆಯ ಆಟೋದವನು ಊರ ಹೆಸರು ಕೇಳಿದ ಕೂಡಲೆ ಮುಖ ತಿರುಗಿಸುತ್ತಾನೆ. ಎರಡನೆಯವನು ಮೀಟರು ಕೆಟ್ಟಿದೆಯೆನ್ನುತ್ತಾನೆ. ಮೂರನೆಯವನು ಮೀಟರಿನ ಮೇಲೆ ಐವತ್ತು ಬೇಡುತ್ತಾನೆ. ಈಚೆಗೆ ಮೊಬೈಲಿನ ಆ್ಯಪುಗಳು ಬಂದ ಮೇಲೆ, ಬರುವೆನೆಂದು ಒಪ್ಪಿ ಎರಡು ನಿಮಿಷಗಳಲ್ಲಿ ರದ್ದು ಮಾಡುವ ನಾಲ್ಕನೆಯವನೊಬ್ಬನು ಸೇರಿದ್ದಾನೆ. ಅಷ್ಟರಲ್ಲಿ ಮಳೆ ಬರಲೇಬೇಕು. ಕಡೆಗೆ ಹತ್ತಿದ ಆಟೋ ಸುತ್ತುಬಳಸಿನ ದಾರಿ ಹಿಡಿಯಬೇಕು. ಇಳಿಯುವಾಗ ಚಿಲ್ಲರೆ ಇರಕೂಡದು. ಗೃಹಸ್ಥನು ಹಣ ತೆತ್ತು, ನಮ್ಮ ಚಕ್ಕಡಿಯೇ ಲೇಸೆಂದು ನಿಟ್ಟುಸಿರು ಬಿಟ್ಟರೆ ಹರಟೆ ಮುಗಿಯಿತು. ಚಕೋರಪಕ್ಷಿಯು ಬೆಳುದಿಂಗಳನ್ನು ಕುಡಿಯುವದು, ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುವದು, ತರುಣಿಯ ಪಾದತಾಡನದಿಂದ ಅಶೋಕವು ಹೂ ಬಿಡುವದು, ಇವು ಹಿಂದಿನವರ ಕವಿಸಮಯಗಳು. ಆಟೋದವನ ಮೀಟರು ಕೆಟ್ಟಿರುವದು ನಮ್ಮ ಕಾಲದ ಕವಿಸಮಯ. ಬರೆಯುವವನು ಅದನ್ನು ಕಣ್ಣಾರೆ ಕಂಡಿರಬೇಕಾದ ಅಗತ್ಯವೇ ಉಳಿದಿಲ್ಲ.

ಹಾಗೆಂದು ಈ ಕಷ್ಟವು ಸುಳ್ಳೆಂದು ನಾನು ಹೇಳುತ್ತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆಯ ವಾಹನದವನು ನಿಯಮ ಮೀರಿ ಬರಲು ನಿರಾಕರಿಸುವದು ದಂಡಾರ್ಹವಾದ ಅಪರಾಧ. 2022ರ ಅಕ್ಟೋಬರದಲ್ಲಿ ಆ್ಯಪಿನ ಕಂಪನಿಗಳು ಎರಡು ಕಿಲೋಮೀಟರಿಗೂ 100 ರೂಪಾಯಿ ಕೀಳುತ್ತಿವೆಯೆಂಬ ಕೂಗೆದ್ದು, ಆ ಕಂಪನಿಗಳ ಆಟೋ ಸೇವೆಯನ್ನು ನಿಲ್ಲಿಸಬೇಕೆಂದು ಸರಕಾರವು ಆಜ್ಞೆ ಮಾಡಿದ್ದನ್ನು ವಾಚಕರು ಬಲ್ಲರು. ಕಷ್ಟವು ನಿಜ, ಸಿಟ್ಟೂ ನಿಜ. ನಿಜವಾದ ಸಿಟ್ಟಿನಿಂದ ಹುಟ್ಟಿದ ಬರಹವು ಏಕೆ ಇಷ್ಟು ಪೊಳ್ಳಾಗಿ ಬಂದಿದೆ ಎಂಬುದೇ ಇಲ್ಲಿಯ ಪ್ರಶ್ನೆ.

ನನ್ನ ಹರಟೆಯ ಮೂಲವನ್ನು ಹೇಳುತ್ತೇನೆ. ನಮ್ಮ ಮನೆಯವಳ ಕಣ್ಣಿನ ಶಸ್ತ್ರಕ್ರಿಯೆಗಾಗಿ ಬೆಂಗಳೂರಿಗೆ ಹೋಗಿದ್ದೆವು. ಚಿಕಿತ್ಸೆ ಮುಗಿದು ಆಸ್ಪತ್ರೆಯ ಬಾಗಿಲಿಗೆ ಬಂದಾಗ ಸಂಜೆ ಆರು ಗಂಟೆ, ಮಳೆ ಹಿಡಿದಿತ್ತು. ಅವಳ ಒಂದು ಕಣ್ಣಿಗೆ ಪಟ್ಟಿ; ಇನ್ನೊಂದು ಕಣ್ಣು ಮೊದಲೇ ಮಂಜು. ಬೊಮ್ಮನಹಳ್ಳಿಯಲ್ಲಿರುವ ಮಗಳ ಮನೆಗೆ ಹೋಗಬೇಕು. ಸುಮಾರು ಹನ್ನೆರಡು ಕಿಲೋಮೀಟರು. ಒಬ್ಬರಾದ ಮೇಲೊಬ್ಬರು ಮೂವರು ಆಟೋದವರು ತಲೆಯಲ್ಲಾಡಿಸಿ ಮುಂದೆ ಹೋದರು. ನಾಲ್ಕನೆಯವನು 350 ರೂಪಾಯಿ ಬೇಡಿದನು. ಅಂದಿನ ದರ ಮೊದಲ ಎರಡು ಕಿಲೋಮೀಟರಿಗೆ 30, ಮುಂದೆ ಕಿಲೋಮೀಟರಿಗೆ 15. ನಾನು ಮನಸ್ಸಿನಲ್ಲಿಯೇ ಲೆಕ್ಕ ಹಾಕಿ 180 ಆಗುವದೆಂದು ಕಂಡುಕೊಂಡು, ಬೇರೆ ದಾರಿಯಿಲ್ಲದೆ ಹತ್ತಿದೆನು. ಇಂದಿಗೂ ಆ ಮಳೆಯ ನೆನಪಾದರೆ ಮೈ ಉರಿಯುತ್ತದೆ. ಊರಿಗೆ ಬಂದು ಎರಡೇ ದಿನಗಳಲ್ಲಿ ಹರಟೆಯನ್ನು ಬರೆದು ಮುಗಿಸಿದೆನು. ಸಂಘದ ಬೈಠಕಿನಲ್ಲಿ ಓದಿದಾಗ ಸಭೆಯು ನಕ್ಕು ಹಗುರಾಯಿತು. ಅದರಲ್ಲಿಯ ಒಂದು ಉಪಮೆಗೆ ವಿಶೇಷವಾಗಿ ಚಪ್ಪಾಳೆ ಬಿದ್ದಿತು: ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದ ಕೌರವೇಶ್ವರನಂತೆ ಆಟೋದವನು ಸೀಟಿನ ಅಂಚನ್ನೂ ಕೊಡೆನೆಂದನೆಂದು ಬರೆದಿದ್ದೆನು.

ಈಗ ಅದೇ ಹರಟೆಯನ್ನು ಮುಂದಿಟ್ಟುಕೊಂಡು ಓದಿದರೆ ಏನು ಕಾಣುತ್ತದೆ? ಮೊದಲನೆಯದಾಗಿ, ಅದರಲ್ಲಿ ನನ್ನ ಹೆಂಡತಿಯೇ ಇಲ್ಲ. ಕೊಡೆಯಡಿಯಲ್ಲಿ ಒಬ್ಬನೇ ನಿಂತ ಬಡಕಲು ಪಂಡಿತನೊಬ್ಬನಿದ್ದಾನೆ. ಕಣ್ಣಿಗೆ ಪಟ್ಟಿ ಕಟ್ಟಿದ ಹೆಂಗಸನ್ನು ಮಳೆಯಲ್ಲಿ ನಿಲ್ಲಿಸಿದರೆ ಜನರು ನಗುವದಿಲ್ಲವೆಂದು ನಾನು ಅವಳನ್ನು ತೆಗೆದುಹಾಕಿದ್ದೆನು. ಹಾಸ್ಯಕ್ಕಾಗಿ ಕರುಣವನ್ನು ಕೊಂದೆನು. ಸಿಟ್ಟಿನ ಬೇರನ್ನೇ ಕಿತ್ತು ಎಲೆಯನ್ನು ಮಾತ್ರ ಇಟ್ಟುಕೊಂಡೆನು. ಪತ್ರಿಕೆ ಬಂದ ದಿನ ಅವಳಿಗೆ ಓದಿ ಹೇಳಿದಾಗ ಅವಳು ನಗಲಿಲ್ಲ. "ಅಂವಾ ಉಬ್ಬು ಬಂದಲ್ಲೆಲ್ಲಾ ಗಾಡಿ ಹಗೂರ ನಡಸಿದಾ. ನನ್ನ ಕಣ್ಣಿನ ಪಟ್ಟಿ ನೋಡಿದ್ದಾ ಅಂವಾ. ಅದನ್ಯಾಕ ಬಿಟ್ರಿ?" ಎಂದಳು. ಬಿಟ್ಟದ್ದು ನಿಜ. ಆ ನಾಲ್ಕನೆಯವನು ದಾರಿಯುದ್ದಕ್ಕೂ ಹಾಗೆಯೇ ನಡೆಸಿದ್ದನು. ಇಳಿಯುವಾಗ 350ರಲ್ಲಿ ಒಂದು ರೂಪಾಯಿಯನ್ನೂ ಬಿಟ್ಟುಕೊಡಲಿಲ್ಲ ಎಂಬದೂ ನಿಜ. ಇವೆರಡೂ ಒಬ್ಬನೇ ಮನುಷ್ಯನಲ್ಲಿ ಹೇಗಿದ್ದವೆಂಬದನ್ನು ತೋರಿಸಿದ್ದರೆ ಹರಟೆಯು ಸಾಹಿತ್ಯವಾಗುತ್ತಿತ್ತೋ ಏನೋ. ನಾನು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ರಸಭಂಗವಾದೀತೆಂದು ಹೊರಗೆ ಹಾಕಿದೆನು.

ಎರಡನೆಯ ದೋಷವನ್ನು ತೋರಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಕುಂದಗೋಳ ತಾಲೂಕಿನವನೇ, ನನ್ನಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವನು. ಎರೆಯ ಹೊಲ ಎರಡು ವರ್ಷ ಸಾಲಾಗಿ ಕೈಕೊಟ್ಟ ಮೇಲೆ ಬೆಂಗಳೂರಿಗೆ ಹೋಗಿ ದಿನದ ಬಾಡಿಗೆಯ ಮೇಲೆ ಆಟೋ ಹೊಡೆಯುತ್ತಾನೆ. ಕಾರಹುಣ್ಣಿಮೆಗೆ ಊರಿಗೆ ಬಂದಾಗ ಕಾಲಿಗೆರಗಲು ಮನೆಗೆ ಬಂದನು. ಮಾತಿನಲ್ಲಿ ಮಾತು ಬಂದು ಹರಟೆಯ ಸಂಗತಿ ಹೊರಬಿದ್ದಿತು. ಮುಚ್ಚಿಡಬೇಕೆಂದಿದ್ದೆ, ಆದರೆ ಲೇಖಕನ ಅಹಂಕಾರ ಬಿಡಬೇಕಲ್ಲ! ಸಂಚಿಕೆಯನ್ನು ಅವನ ಕೈಗೆ ಕೊಟ್ಟೆನು. ಅವನು ಕಟ್ಟೆಯ ಮೇಲೆ ಕುಳಿತು ಪೂರಾ ಓದಿದನು. ನಡುವೆ ಒಂದೆರಡು ಸಲ ನಕ್ಕನು ಕೂಡ.

"ಛಲೋ ಬರದೀರಿ ಸರ್ರ. ಆದ್ರ ಆ ಆಟೋದಂವಾ ಒಂದ ಮಾತಿಗೂ ಉತ್ರಾ ಕೊಡವಲ್ಲ ನೋಡ್ರಿ" ಎಂದನು.

"ಉತ್ತರ ಕೊಡುತ್ತಾನಲ್ಲೋ ತಮ್ಮಾ" ಎಂದೆ.

"ಹೂಂ ಅನ್ನೂದು ಉಂಹೂಂ ಅನ್ನೂದು ಉತ್ರ ಏನ್ರಿ? ಸಾಲ್ಯಾಗ ನಾವು ಹಂಗ ಅಂದ್ರ ನೀವ ಬಡೀತಿದ್ರಿ."

ಅವನು ಹೋದ ಮೇಲೆ ಬೆರಳು ಮಡಚಿ ಎಣಿಸಿದೆನು. ಆರು ಪುಟಗಳ ಹರಟೆಯಲ್ಲಿ ಆಟೋದವನ ಬಾಯಿಂದ ಬಂದ ಮಾತುಗಳು ನಾಲ್ಕು: ಎಲ್ಲಿಗೆ, ಬರಲ್ಲ, ಮುನ್ನೂರೈವತ್ತು, ಚಿಲ್ಲರೆ ಇಲ್ಲ. ನನ್ನ ಮಾತುಗಳೋ, ಸಮಾಸಗಳೊಡನೆ ಪುಟಪುಟ! ಸಂಪಾದಕರು ಕಳಿಸಿದ ಕಟ್ಟನ್ನು ಇದೇ ಲೆಕ್ಕದಿಂದ ಪರೀಕ್ಷಿಸಿದಾಗ ಒಂದನ್ನುಳಿದು ಮಿಕ್ಕ ಎಲ್ಲದರಲ್ಲಿಯೂ ಇದೇ ಪ್ರಮಾಣ ಕಂಡಿತು. ಈ ಹರಟೆಗಳಲ್ಲಿ ಆಟೋ ನಡೆಸುವವನು ಪಾತ್ರವಲ್ಲ. ಆಟೋದ ಒಂದು ಬಿಡಿಭಾಗ. ಮೀಟರು ಕೆಟ್ಟಂತೆ ಅವನೂ ಕೆಟ್ಟಿದ್ದಾನೆ, ಅಷ್ಟೇ.

ಅದೇ ದಿನ ಅವನು ನನಗೆ ಇನ್ನೊಂದು ಲೆಕ್ಕವನ್ನು ಹೇಳಿಕೊಟ್ಟನು. ನಾನು ಹಾಕಿದ 180ರ ಲೆಕ್ಕವು ದೂರದ್ದು; ಅವರ ಲೆಕ್ಕ ಹೊತ್ತಿನದು. ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಬೇಕೆಂದರೆ ಒಂದೂವರೆ ತಾಸಿನ ಮಾತು. ಗಾಡಿ ನಿಂತ ಹೊತ್ತಿಗೆ ಅಂದು ಮೀಟರು ಕೊಡುತ್ತಿದ್ದದ್ದು ಕಾಲು ತಾಸಿಗೆ 5 ರೂಪಾಯಿ. ಅಲ್ಲಿಂದ ತಿರುಗಿ ಬರುವಾಗ ಸವಾರಿ ಸಿಗದಿದ್ದರೆ ಮತ್ತೆ ಅಷ್ಟೇ ಹೊತ್ತು ಖಾಲಿ. ಗ್ಯಾಸು ಮಾತ್ರ ಉರಿಯುತ್ತದೆ. ರಾತ್ರಿ ಎಂಟಕ್ಕೆ ಗಾಡಿಯನ್ನು ಒಡೆಯನಿಗೆ ಒಪ್ಪಿಸಬೇಕಾದವನು ಆರಕ್ಕೆ ಆ ಕಡೆಗೆ ಬರುವನೇ? 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36, ಮುಂದಿನ ಪ್ರತಿ ಕಿಲೋಮೀಟರಿಗೆ 18 ಎಂದು ದರವು ಏರಿದೆ. ಅದೇ ತಿಂಗಳಿನಿಂದ ಬೊಮ್ಮನಹಳ್ಳಿಯ ಕಡೆಗೆ ಮೆಟ್ರೋ ರೈಲೂ ಓಡಹತ್ತಿದೆ. ಆದುದರಿಂದ ನನ್ನ ಹರಟೆಯ ಸನ್ನಿವೇಶವು ಈಗ ಅರ್ಧ ಹಳತಾಯಿತು. ಇರಲಿ. ಈ ಲೆಕ್ಕ ಗೊತ್ತಾದ ಮೇಲೆ ನನ್ನ ಸಿಟ್ಟು ಇಳಿಯಿತೆಂದು ವಾಚಕರು ತಿಳಿಯಬಾರದು. ಕಣ್ಣಿಗೆ ಪಟ್ಟಿ ಕಟ್ಟಿದವಳನ್ನು ಕಂಡೂ ಮುಂದೆ ಹೋದ ಮೂವರನ್ನು ನಾನು ಕ್ಷಮಿಸಿಲ್ಲ. ಆದರೆ ಕೌರವೇಶ್ವರನ ಉಪಮೆ ಮಾತ್ರ ಅಂದೇ ಸತ್ತಿತು. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಕೌರವನು ಕೊಡೆನೆಂದದ್ದು ಪರರ ಪಾಲಿನ ರಾಜ್ಯವನ್ನು, ಸಿಂಹಾಸನದ ಮೇಲೆ ಕುಳಿತು. ಇವನು ಕೊಡೆನೆಂದದ್ದು ಬಾಡಿಗೆಯ ಗಾಡಿಯಲ್ಲಿಯ ತನ್ನ ಎರಡು ತಾಸುಗಳನ್ನು. ಉಪಮಾನಕ್ಕೂ ಉಪಮೇಯಕ್ಕೂ ಇರುವ ಸಾಮ್ಯವು ಇಲ್ಲವೆಂಬ ಶಬ್ದವೊಂದೇ. ಇಂಥ ಉಪಮೆಗೆ ಚಪ್ಪಾಳೆ ತಟ್ಟಿದ ಸಭೆಯಲ್ಲಿ ಅಲಂಕಾರಶಾಸ್ತ್ರ ಓದಿದವರು ನಾಲ್ವರಾದರೂ ಇದ್ದರು!

ಈಗ ರಸದ ವಿಚಾರ. ಇಂಥ ಹರಟೆಯ ಭಾವ ಯಾವದು? ಮೇಲುನೋಟಕ್ಕೆ ಭರತನು ಹೇಳಿದ ಮೂವತ್ತಮೂರು ವ್ಯಭಿಚಾರಿಭಾವಗಳಲ್ಲಿ ಅಮರ್ಷವೆಂದು ತೋರುತ್ತದೆ. ಆದರೆ ಭರತನ ಲಕ್ಷಣವನ್ನು ಸೂಕ್ಷ್ಮವಾಗಿ ನೋಡಬೇಕು. ವಿದ್ಯೆ, ಐಶ್ವರ್ಯ, ಬಲಗಳಲ್ಲಿ ತನಗಿಂತ ಹೆಚ್ಚಿನವರು ತಿರಸ್ಕರಿಸಿದಾಗ, ಅವಮಾನಿಸಿದಾಗ ಹುಟ್ಟುವದು ಅಮರ್ಷ. ನಾವೋ, ನಮಗಿಂತ ಕಡಿಮೆಯವನೆಂದು ಎಣಿಸಿದವನು ಉಂಹೂಂ ಎಂದದ್ದಕ್ಕೆ ಕುದಿಯುತ್ತೇವೆ. ವೈದ್ಯರ ಬಾಗಿಲಲ್ಲಿ ಮೂರು ತಾಸು ಕುಳಿತು ಎರಡು ನಿಮಿಷದ ಮಾತಿಗೆ 350ಕ್ಕಿಂತ ಹೆಚ್ಚು ಕೊಟ್ಟು ಬರುತ್ತೇವೆ. ಅದರ ಮೇಲೆ ಯಾರೂ ಹರಟೆ ಬರೆದುದನ್ನು ನಾನು ಕಾಣೆ. ಕಚೇರಿಯ ಸಾಹೇಬನು ನಾಳೆ ಬಾ ಎಂದರೆ ತಲೆಬಾಗಿ ಬರುತ್ತೇವೆ. ಆದುದರಿಂದ ಇಲ್ಲಿಯ ಭಾವವು ಅಮರ್ಷವಲ್ಲ, ಪೆಟ್ಟು ತಿಂದ ಗರ್ವ; ಅದು ಅವಹಿತ್ಥದಿಂದ ಮುಸುಕು ಹಾಕಿಕೊಂಡು ಅಮರ್ಷದ ವೇಷದಲ್ಲಿ ಬಂದಿದೆ. ಗರ್ವವನ್ನೇ ಗರ್ವವೆಂದು ತೋರಿಸಿ ನಕ್ಕರೆ ಒಳ್ಳೆಯ ಹಾಸ್ಯವಾಗುತ್ತದೆ. ಎ. ಎನ್. ಮೂರ್ತಿರಾಯರ 'ಹಗಲುಗನಸುಗಳು' 1937ರಲ್ಲಿ ಬಂದಿತು. ತನ್ನನ್ನೇ ನಗೆಗೆ ಗುರಿಮಾಡಿಕೊಳ್ಳುವ ಧೈರ್ಯವು ಪ್ರಬಂಧಕಾರನಿಗೆ ಬೇಕೆಂಬದನ್ನು ನಾವು ಅಂಥವರಿಂದ ಕಲಿಯಬೇಕಾಗಿತ್ತು. ನಮ್ಮ ಕುಮಾರವ್ಯಾಸನ ಉತ್ತರಕುಮಾರನನ್ನಾದರೂ ನೆನೆಯಬಹುದಿತ್ತು. ಅಲ್ಲಿ ರಥದಲ್ಲಿ ಕುಳಿತವನು ಜಂಬಗಾರ, ರಥ ನಡೆಸುವವನು ಅರ್ಜುನ! ಕೋಳಿವಾಡದ ಕವಿಯು ಇಷ್ಟು ಸಮೀಪದಲ್ಲಿದ್ದೂ ನಮಗೆ ಅದು ಹೊಳೆಯಲಿಲ್ಲ.

ಇನ್ನೊಂದು ಮಾತು. ಭಟ್ಟನಾಯಕ ಮೊದಲಾದ ಆಚಾರ್ಯರು ಸಾಧಾರಣೀಕರಣವೆಂಬದನ್ನು ಹೇಳಿದ್ದಾರೆ. ಇದು ನನ್ನದು, ಇದು ಶತ್ರುವಿನದು, ಇದು ಪರರದು ಎಂಬ ಸಂಬಂಧಗಳು ಕಳಚಿಬಿದ್ದು ಭಾವವು ಎಲ್ಲರದಾಗುವದೇ ರಸಾಸ್ವಾದಕ್ಕೆ ದಾರಿ. ನಮ್ಮ ಹರಟೆಗಳಲ್ಲಿಯೂ ಒಂದು ಬಗೆಯ ಸಾಮಾನ್ಯೀಕರಣ ನಡೆಯುತ್ತದೆ. ಆದರೆ ಅದು ತಲೆಕೆಳಗಾದದ್ದು. ಮಳೆಯಲ್ಲಿ ನಿಂತವನ ಅಸಹಾಯಕತೆ ಎಲ್ಲರದಾಗಬೇಕಾಗಿತ್ತು, ಅದಾಗಲಿಲ್ಲ. ಅದರ ಬದಲು ಒಬ್ಬ ಆಟೋದವನು ಎಲ್ಲ ಆಟೋದವರಾದನು. "ಈ ಆಟೋದವರೇ ಹೀಗೆ" ಎಂಬ ವಾಕ್ಯವು ಕಟ್ಟಿನಲ್ಲಿಯ ಬಹುತೇಕ ಹರಟೆಗಳಲ್ಲಿ ಬಂದಿದೆ. ನನ್ನದರಲ್ಲಿ ಎರಡು ಸಲ ಬಂದಿದೆ. ಶತ್ರುವೆಂಬ ಸಂಬಂಧವು ಕಳಚುವ ಬದಲು ಕುಲಕ್ಕೆಲ್ಲ ಅಂಟಿಕೊಂಡಿತು. ಇದನ್ನು ಸಾಧಾರಣೀಕರಣವೆನ್ನಲಾಗದು, ಜಾತಿನಿಂದೆಯೆನ್ನಬೇಕು.

ನನಗೆ ಇದಕ್ಕಿಂತ ದೊಡ್ಡ ಲಜ್ಜೆಯೆಂದರೆ, ಬಂಡಿ, ದಾರಿಯ ನೂಕುನುಗ್ಗಲು, ತಪ್ಪಿದ ಸವಾರಿ ಇವುಗಳ ಮೇಲೆಯೇ ಕಟ್ಟಿದ ಮಹಾಕೃತಿಯೊಂದು ಪಾಠಶಾಲೆಯ ದಿನಗಳಿಂದಲೂ ನನ್ನ ಹತ್ತಿರವಿದ್ದದ್ದು. ಶೂದ್ರಕನ 'ಮೃಚ್ಛಕಟಿಕ'ದ ಹೆಸರೇ ಮಣ್ಣಿನ ಬಂಡಿ. ಅದರ ಆರನೆಯ ಅಂಕಕ್ಕೆ ಪ್ರವಹಣವಿಪರ್ಯಯ, ಎಂದರೆ ಬಂಡಿಗಳ ಅದಲುಬದಲು ಎಂದು ಹೆಸರು. ಚಾರುದತ್ತನ ಆಳಾದ ವರ್ಧಮಾನಕನು ವಸಂತಸೇನೆಯನ್ನು ಉದ್ಯಾನಕ್ಕೆ ಕರೆದೊಯ್ಯಲು ಬಂಡಿ ತಂದವನು, ಹಾಸುವ ಹಚ್ಚಡವನ್ನು ಮರೆತು ಬಂದೆನೆಂದು ಅದನ್ನು ತರಲು ತಿರುಗಿ ಹೋಗುತ್ತಾನೆ. ಅಷ್ಟರಲ್ಲಿ ರಾಜಶ್ಯಾಲನಾದ ಶಕಾರನ ಬಂಡಿಯು ಅಲ್ಲಿಗೆ ಬರುತ್ತದೆ. ಹಳ್ಳಿಯ ಬಂಡಿಗಳಿಂದ ದಾರಿ ಕಟ್ಟಿಹೋಗಿದೆ. ಸಿಲ್ಕ್ ಬೋರ್ಡಿನ ಸಂಜೆ ಉಜ್ಜಯಿನಿಯಲ್ಲಿಯೂ ಇತ್ತೆಂದಾಯಿತು. ಒಬ್ಬನ ಗಾಲಿಯು ಸಿಕ್ಕಿಕೊಂಡಿದೆ. ಅವನು ಕೈಹಚ್ಚೆಂದು ಕೂಗುತ್ತಾನೆ. ಶಕಾರನ ಬಂಡಿಕಾರ ಸ್ಥಾವರಕನಿಗೆ ಮೊದಲು ಸಿಟ್ಟು: ರಾಜಶ್ಯಾಲನ ಆಳಾದ ನಾನು ಇವನ ಗಾಲಿಯನ್ನು ನೂಕಬೇಕೆ? ಮರುಕ್ಷಣವೇ, ಪಾಪ, ಒಬ್ಬನೇ ಇದ್ದಾನೆಂದುಕೊಂಡು ತನ್ನ ಬಂಡಿಯನ್ನು ಚಾರುದತ್ತನ ತೋಟದ ಪಕ್ಕದ ಬಾಗಿಲಲ್ಲಿ ನಿಲ್ಲಿಸಿ ಇಳಿದು ಹೋಗುತ್ತಾನೆ. ಆ ಗಳಿಗೆಯಲ್ಲಿ ವಸಂತಸೇನೆ ಬಂದು, ತನಗಾಗಿ ಬಂದ ಬಂಡಿಯೆಂದು ಬಗೆದು ಹತ್ತುತ್ತಾಳೆ. ಸ್ಥಾವರಕನು ತಿರುಗಿ ಬಂದು ಹೊಡೆಯುವಾಗ ಬಂಡಿ ಭಾರವಾದಂತೆ ತೋರುತ್ತದೆ. ಗಾಲಿ ನೂಕಿದ ದಣಿವಿನಿಂದ ಹಾಗೆ ತೋರುತ್ತದೆಂದುಕೊಳ್ಳುತ್ತಾನೆ. ನಾಟಕದ ಮುಂದಿನ ಅನರ್ಥವೆಲ್ಲ ಇದರಿಂದಲೇ.

ಶೂದ್ರಕನ ಕೌಶಲವನ್ನು ನೋಡಬೇಕು. ಬಂಡಿಕಾರನ ಸೋಮಾರಿತನದಿಂದಲೋ ಲೋಭದಿಂದಲೋ ಈ ಅದಲುಬದಲನ್ನು ಸುಲಭವಾಗಿ ತರಬಹುದಾಗಿತ್ತು. ನಮ್ಮ ಹರಟೆಗಾರರು ಖಂಡಿತವಾಗಿ ಹಾಗೆಯೇ ಮಾಡುತ್ತಿದ್ದರು. ಅವನು ಅದನ್ನು ಒಂದು ಸಣ್ಣ ಉಪಕಾರದ ಮೇಲೆ ನಿಲ್ಲಿಸಿದನು. ಎಂಟನೆಯ ಅಂಕದಲ್ಲಿ ಇದೇ ಸ್ಥಾವರಕನಿಗೆ ಶಕಾರನು ಚಿನ್ನದ ಕಡಗದ ಆಸೆ ತೋರಿಸಿ ವಸಂತಸೇನೆಯನ್ನು ಕೊಲ್ಲೆಂದು ಹೇಳುತ್ತಾನೆ. ಸ್ಥಾವರಕನು ಹೊಡೆತ ತಿಂದರೂ ಒಪ್ಪುವದಿಲ್ಲ. ಶರೀರವನ್ನು ಒಡೆಯನಿಗೆ ಬಿಟ್ಟುಕೊಟ್ಟು ಚಾರಿತ್ರ್ಯವನ್ನು ತನ್ನಲ್ಲಿ ಉಳಿಸಿಕೊಳ್ಳುತ್ತಾನೆ. ಹತ್ತನೆಯ ಅಂಕದಲ್ಲಿ ಚಾರುದತ್ತನನ್ನು ವಧ್ಯಸ್ಥಾನಕ್ಕೆ ಒಯ್ಯುವ ಡಂಗುರವನ್ನು ಕೇಳಿ, ಬೇಡಿಯಲ್ಲಿದ್ದ ಈ ಆಳು ಮಾಳಿಗೆಯಿಂದ ಕೆಳಗೆ ಹಾರಿ ನಿಜವನ್ನು ಕೂಗಿ ಹೇಳುತ್ತಾನೆ. ಯಾರೂ ನಂಬುವದಿಲ್ಲ, ಕಳ್ಳತನಕ್ಕಾಗಿ ಹೊಡೆಸಿಕೊಂಡವನು ಸೇಡಿನಿಂದ ಹೇಳುತ್ತಿದ್ದಾನೆಂದು ಶಕಾರನು ಅದನ್ನು ತಳ್ಳಿಹಾಕುತ್ತಾನೆ. ಬಂಡಿಕಾರನ ಮಾತನ್ನು ಬಂಡಿಕಾರನದೆಂಬ ಕಾರಣಕ್ಕೆ ಲೋಕವು ಕೇಳಲಿಲ್ಲ. ಆದರೆ ಕವಿಯು ಕೇಳಿದನು. ಕಡೆಯಲ್ಲಿ ಅವನನ್ನು ದಾಸ್ಯದಿಂದ ಬಿಡಿಸಿದನು.

ಇಷ್ಟೆಲ್ಲವನ್ನೂ ಓದಿದವನಿಗೆ ಇದು ಏಕೆ ನಾಟಲಿಲ್ಲ? ಕಾರಣವನ್ನು ಹೇಳಲು ನಾಚಿಕೆಯಾಗುತ್ತದೆ. ಸ್ಥಾವರಕನು ಮಾತಾಡುವದು ಮಾಗಧೀ ಪ್ರಾಕೃತದಲ್ಲಿ. ಪಾಠಶಾಲೆಯಲ್ಲಿ ನಾವು ಪ್ರಾಕೃತವನ್ನು ದಾಟಿ ಕೆಳಗೆ ಕೊಟ್ಟ ಸಂಸ್ಕೃತದ ಛಾಯೆಯನ್ನೇ ಓದುತ್ತಿದ್ದೆವು. ಅವನ ಬಾಯಿಯ ಮಾತು ನಮ್ಮ ಕಿವಿಗೆ ಬೀಳಲೇ ಇಲ್ಲ. ಅದರ ನೆರಳು ಮಾತ್ರ ಬಿದ್ದಿತು.

ಚಲಚ್ಚಿತ್ರದವರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋದರು, ಆದರೆ ಇನ್ನೊಂದು ದಿಕ್ಕಿಗೆ. 1980ರಲ್ಲಿ ಬಂದ 'ಆಟೋ ರಾಜ'ವು ಆಟೋ ನಡೆಸುವವನನ್ನು ಕಥಾನಾಯಕನ ಪೀಠಕ್ಕೇರಿಸಿತು. ಶಂಕರ್ ನಾಗ್ ಆ ಪಾತ್ರವನ್ನು ವಹಿಸಿದರು. 1990ರ ಸೆಪ್ಟೆಂಬರ 30ರಂದು ಹೆದ್ದಾರಿಯ ಅಪಘಾತದಲ್ಲಿ ಅವರು ತೀರಿಕೊಂಡು ಇಷ್ಟು ವರ್ಷಗಳಾದರೂ, ಬೆಂಗಳೂರಿನಲ್ಲಿಯೂ ನಮ್ಮ ಹುಬ್ಬಳ್ಳಿಯಲ್ಲಿಯೂ ಆಟೋಗಳ ಬೆನ್ನ ಮೇಲೆ ಅವರ ಚಿತ್ರ ಉಳಿದಿದೆ. ಯಾವ ವಿಮರ್ಶಕನ ಮಾತೂ ಒಂದು ಕೃತಿಯನ್ನು ಇಷ್ಟು ಕಾಲ ಬೀದಿಯಲ್ಲಿ ಜೀವಂತ ಇಟ್ಟಿದ್ದನ್ನು ನಾನರಿಯೆ. ಆದರೂ ನಾಯಕನಾದವನು ಆಟೋದವನಾಗಿ ಉಳಿಯುವದು ಕಠಿಣ. ಖಾಲಿ ತಿರುಗಿ ಬರುವ ಸಂಜೆಯ ಲೆಕ್ಕವು ನಾಯಕನಿಗೆ ಇರುವದಿಲ್ಲ. ಹರಟೆಯಲ್ಲಿ ಅವನು ಖಳ, ಪರದೆಯ ಮೇಲೆ ನಾಯಕ. ಎರಡೂ ಕಡೆಗೆ ಅವನ ದಿನದ ದುಡಿಮೆ ಕಾಣದಾಯಿತು. ಒಂದು ಕೌತುಕದ ಸಂಗತಿ: ನಮ್ಮ ಧಾರವಾಡದ ಗಿರೀಶ ಕಾರ್ನಾಡರು 'ಮೃಚ್ಛಕಟಿಕ'ವನ್ನಾಧರಿಸಿ 1984ರಲ್ಲಿ ತೆಗೆದ ಹಿಂದಿಯ 'ಉತ್ಸವ' ಚಿತ್ರದಲ್ಲಿ ಶಂಕರ್ ನಾಗ್ ಕಳ್ಳನ ಪಾತ್ರ ಮಾಡಿದ್ದಾರೆ. ಅವರಿಗೆ ಬಂಡಿಕಾರನ ಪಾತ್ರವನ್ನೇ ಕೊಡಬೇಕಾಗಿತ್ತೆಂದು ನನ್ನ ಶಿಷ್ಯನು ವಾದಿಸುತ್ತಾನೆ.

ಆಟೋದ ಬೆನ್ನಿನ ಮೇಲಿನ ಬರಹವನ್ನೂ ಇಲ್ಲಿ ನೆನೆಯಬೇಕು. ತಾಯಿಯ ಹೆಸರು, ಊರ ದೇವರ ಹೆಸರು, ಬಿಟ್ಟುಹೋದ ಪ್ರಿಯೆಗೆ ಒಂದು ಚುಚ್ಚುಮಾತು, ಹಿಂದೆ ಬರುವವನಿಗೆ ಒಂದು ಬುದ್ಧಿವಾದ, ಎಲ್ಲವೂ ಒಂದೊಂದು ಸಾಲಿನಲ್ಲಿ. ಮುಕ್ತಕವೆಂದರೆ ಇದೇ. ಸುಶಿಕ್ಷಿತರು ಇದನ್ನು ನಗೆಯ ವಸ್ತುವೆಂದು ಎತ್ತಿ ಹೇಳುವದುಂಟು. ಆದರೆ ಒಂದು ಸಂಗತಿಯನ್ನು ಗಮನಿಸಿದಂತಿಲ್ಲ: ಒಳಗೆ ಕುಳಿತ ಸವಾರಿಗೆ ಅದು ಕಾಣುವದೇ ಇಲ್ಲ. ಆಟೋದವನು ತನ್ನ ಬಗ್ಗೆ ಹೇಳಿಕೊಂಡ ಒಂದೇ ಮಾತನ್ನು, ಅವನೊಡನೆ ಚೌಕಾಶಿ ಮಾಡಿ ಹತ್ತಿದವನನ್ನು ಬಿಟ್ಟು ಊರೆಲ್ಲ ಓದುತ್ತದೆ.

ಹಿಂದಿನವರು ಹೀಗಿರಲಿಲ್ಲ. ಸೂತನೆಂಬ ಶಬ್ದಕ್ಕೆ ರಥ ನಡೆಸುವವನು, ಕಥೆ ಹೇಳುವವನು ಎಂದು ಎರಡರ್ಥ. ಕುರುಕ್ಷೇತ್ರದ ಹದಿನೆಂಟು ದಿನಗಳನ್ನು ಕುರುಡು ಅರಸನಿಗೆ ಕಾಣಿಸಿದ ಸಂಜಯನು ಸೂತ. ನೈಮಿಷಾರಣ್ಯದಲ್ಲಿ ಋಷಿಗಳು ಸುತ್ತುಗಟ್ಟಿ ಕುಳಿತು ಭಾರತವನ್ನು ಕೇಳಿದ್ದು ಸೂತನ ಮಗನ ಬಾಯಿಂದ. ಕರ್ಣನನ್ನು ಸೂತಪುತ್ರನೆಂದು ಹೀಯಾಳಿಸಿದವರಿದ್ದರು. ಅಣ್ಣಿಗೇರಿಯ ನಂಟಿನ ನಮ್ಮ ಪಂಪನು ಆ ಹೀಯಾಳಿಕೆಯ ಪಕ್ಷದಲ್ಲಿ ನಿಲ್ಲಲಿಲ್ಲ. ಆರು ಪುಟ ಬರೆದು ನಾಲ್ಕು ಮಾತುಗಳನ್ನು ಸೂತನಿಗೆ ಬಿಟ್ಟವರು ನಾವೇ ಮೊದಲಿಗರು.

ಸಂಪಾದಕರ ಅಪ್ಪಣೆಗೆ ಈಗ ಬರುತ್ತೇನೆ. ಕಟ್ಟಿನಲ್ಲಿ ಒಂದು ಹಸ್ತಪ್ರತಿಯು ಬೇರೆಯಾಗಿದೆಯೆಂದು ಮೇಲೆ ಸೂಚಿಸಿದ್ದೆನು. ಬರೆದವಳು ನಮ್ಮ ತಾಲೂಕಿನಿಂದ ಹೋಗಿ ಬೆಂಗಳೂರಿನಲ್ಲಿ ದಾದಿಯ ಕೆಲಸ ಮಾಡುವ ತರುಣಿ. ರಾತ್ರಿಪಾಳಿಗೆ ಹೊರಟವಳು ಯಶವಂತಪುರದಲ್ಲಿ ಮಳೆಗೆ ಸಿಕ್ಕುತ್ತಾಳೆ, ಆಟೋದವನು ಬರುವದಿಲ್ಲವೆನ್ನುತ್ತಾನೆ. ಇಲ್ಲಿಯವರೆಗೆ ಕವಿಸಮಯ. ಆದರೆ ಇವಳು, ನಿಮ್ಮ ಮನೆ ಯಾವ ಕಡೆಗೆಂದು ಕೇಳುತ್ತಾಳೆ. ಅವನು ಹೇಳುತ್ತಾನೆ, ಅವಳ ದಾರಿಗೆ ಅದು ವಿರುದ್ಧ ದಿಕ್ಕು. ಅವನ ಮನೆಯಲ್ಲಿ ಮಗುವಿಗೆ ಜ್ವರ. ಇವಳು ಹೋಗಿ ನೋಡಿಕೊಳ್ಳಬೇಕಾದದ್ದು ಪರರ ಮಕ್ಕಳನ್ನು. ಇಬ್ಬರೂ ಒಂದೇ ಅಂಗಡಿಯ ತಗಡಿನ ಕೆಳಗೆ ಮಳೆ ನಿಲ್ಲುವದನ್ನು ಕಾಯುತ್ತಾರೆ. ಅವನು ಕಡೆಗೂ ಬರುವದಿಲ್ಲ. ಅವಳೂ ಅವನನ್ನು ಕ್ಷಮಿಸುವದಿಲ್ಲ. ಪಾಳಿಗೆ ತಡವಾಗಿ ಅರ್ಧ ದಿನದ ಪಗಾರ ಹೋಯಿತೆಂದು ಸ್ಪಷ್ಟವಾಗಿ ಬರೆಯುತ್ತಾಳೆ. ರಾತ್ರಿ ಒಬ್ಬಳೇ ಆಟೋ ಹತ್ತುವ ಹೆಂಗಸಿನ ಭಯವನ್ನು ಎರಡೇ ವಾಕ್ಯಗಳಲ್ಲಿ ಹೇಳಿದ್ದಾಳೆ. ಗಂಡಸರ ಹರಟೆಗಳಲ್ಲಿ ಆ ಭಯದ ಗಾಳಿಯೂ ಸುಳಿದಿಲ್ಲ. ಭಾಷೆಯಲ್ಲಿ ಅಲ್ಲಲ್ಲಿ ಎಡವುತ್ತಾಳೆ. 'ಪರ್ಜನ್ಯಧಾರೆ' ಎಂಬಂಥ ಶಬ್ದಗಳು ಬೇಡವಾಗಿದ್ದವು. ಆ ದೋಷವು ನಮ್ಮಂಥ ಮಾಸ್ತರರು ಕಲಿಸಿದ್ದೇ ಇರಬೇಕು. ಮುಂದಿನ ಸಂಚಿಕೆಗೆ ಇದೊಂದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಉಳಿದವುಗಳನ್ನು ಬರೆದವರಿಗೆ, ಆಟೋದವನ ಮಾತುಗಳನ್ನು ಎಣಿಸಿ ನೋಡಿರೆಂಬ ಒಂದು ಸಾಲಿನೊಡನೆ ತಿರುಗಿ ಕಳಿಸಬಹುದು.

ಸಂಘವು ಹೊರಡಿಸಲಿರುವ ಹರಟೆಗಳ ಸಂಕಲನದಲ್ಲಿ ನನ್ನ "ಮೂರು ಗಾಲಿಯ ಮಹಾರಾಜ"ನೂ ಸೇರಿದ್ದಾನೆಂದು ತಿಳಿಯಿತು. ಅದನ್ನು ತಡೆಹಿಡಿಯಬೇಕೆಂದು ಸಂಪಾದಕರಲ್ಲಿ ಬೇಡಿಕೊಂಡಿದ್ದೇನೆ. ಜನರು ನಕ್ಕಿದ್ದನ್ನು ಏಕೆ ಕೀಳಬೇಕೆಂದು ಅವರು ಕೇಳುತ್ತಾರೆ. ಉತ್ತರವನ್ನು ನೀನೇ ಬರೆಯೆಂದು ಶಿಷ್ಯನಿಗೆ ಫೋನು ಮಾಡಿದೆನು. "ಬರಿಯಾಕ ಟೈಮ್ ಎಲ್ಲೈತ್ರಿ ಸರ್ರ. ಶೀಗಿ ಹುಣ್ಣಿವಿಗೆ ಬರ್ತೀನಿ, ನಾ ಹೇಳ್ತೀನಿ, ನೀವ ಬರಕೊಳ್ರಿ" ಎಂದನು. ಅಲ್ಲಿಯವರೆಗೆ ಹರಟೆಯ ಅಚ್ಚು ನಿಲ್ಲಬೇಕು. ನಮ್ಮ ಮನೆಯವಳು ಈಗ ಎರಡೂ ಕಣ್ಣಿನಿಂದ ಚೆನ್ನಾಗಿ ಓದುತ್ತಾಳೆ. ಅವನು ಹೇಳಿದ್ದನ್ನು ನಾನು ಬರೆದ ಮೇಲೆ, ಬಿಟ್ಟದ್ದೇನಾದರೂ ಇದ್ದರೆ ಅವಳು ನೋಡಿ ಹೇಳುವದೆಂದು ಗೊತ್ತಾಗಿದೆ.